ಅಳಿಯನ ಹೆಸರಿನ ಜಾಡು ಹಿಡಿದು ಚೆನ್ನೈಗೆ

ಮೈಸೂರಿನಿಂದ ಬೆಳಗಿನ ರೈಲಿನಲ್ಲಿ ಹೊರಟೆವು. ನಾನು ಮತ್ತು ನನ್ನ ಅಳಿಯ ಮಾರ್ಕಸ್. ಮಗಳು ಸುಮನಾ ಹೆರಿಗೆಗೆಂದು ಲಂಡನ್ನಿನಿಂದ ಬಂದು ನಮ್ಮ ಮನೆಯಲ್ಲಿದ್ದಳು. ಪ್ರಯಾಣ ಬೇಡವೆಂದು ಡಾಕ್ಟರು ಹೇಳಿದ್ದರಿಂದ ಅವಳ ಬದಲಿಗೆ ನಾನು ಜೊತೆಯಾದೆ. ಜೋಲಾರಪೇಟೆ ದಾಟುವ ಹೊತ್ತಿಗೆ ಮೊಸರನ್ನದ ಡಬ್ಬಿ ಬಿಚ್ಚಿದರೆ ಅವನಿಗೆ ಬೇಡವಾಗಿತ್ತು. ಕೂರುವುದು, ಏಳುವುದು, ಬಾಗಿಲ ತನಕ ಹೋಗಿ ಬರುವುದು, ಇಷ್ಟೇ ಆಯಿತು.

ನಾವು ಹೊರಟಿದ್ದು ಚರ್ಚೊಂದರ ಗೋಡೆಯಲ್ಲಿರುವ ಸ್ಮಾರಕದ ಕಲ್ಲೊಂದನ್ನು ನೋಡಲು. ಮಾರ್ಕಸ್‌ನ ಅಜ್ಜಿ ಜಮೈಕಾದವರು. ಅವನ ಮನೆತನದ ಹೆಸರು ಪೆನ್ರೋಕ್. ಅವನ ಹಿರಿಯರನ್ನು ಕಬ್ಬಿನ ತೋಟದಲ್ಲಿ ಗುಲಾಮರಾಗಿ ದುಡಿಸಿಕೊಂಡ ಒಡೆಯನ ಹೆಸರದು. ಆ ಒಡೆಯ ಎಡ್ವರ್ಡ್ ಪೆನ್ರೋಕ್ ಜಮೈಕಾವನ್ನು ಕಣ್ಣಿನಿಂದ ಕಂಡವನೇ ಅಲ್ಲ. ಮದರಾಸಿನಲ್ಲಿ ಬಟ್ಟೆಯ ವ್ಯಾಪಾರ ಮಾಡಿಕೊಂಡಿದ್ದಾಗ ಜಮೈಕಾದಲ್ಲಿದ್ದ ಚಿಕ್ಕಪ್ಪ ತೀರಿಕೊಂಡು, ತೋಟ, ಗಾಣ, ದನಗಳ ಜೊತೆಗೆ ಅಲ್ಲಿನ ಮನುಷ್ಯರೂ ಇವನ ಪಾಲಿಗೆ ಬಂದರು. ಅವರು ದುಡಿದ ಸಕ್ಕರೆ ಲಂಡನ್ನಿನಲ್ಲಿ ಮಾರಾಟವಾಗುತ್ತಿತ್ತು, ಇವನ ಬಂಗಲೆ ಇಲ್ಲಿ ಎದ್ದಿತು. ಮುಂದೆ ಗುಲಾಮಗಿರಿ ರದ್ದಾದಾಗ ಸರ್ಕಾರದ ಪರಿಹಾರ ಹೋದದ್ದೂ ಇವನ ಮಕ್ಕಳ ಕೈಗೇ. ಹುಟ್ಟುವ ಮಗುವಿಗೆ ಈ ಹೆಸರು ಇಡುವುದೋ ಬಿಡುವುದೋ ಎಂಬುದು ಮಾರ್ಕಸ್‌ನನ್ನು ಕೊರೆಯುತ್ತಿತ್ತು. ಕಲ್ಲು ನೋಡಿದ ಮೇಲೆ ತೀರ್ಮಾನಿಸುತ್ತೇನೆ ಎಂದಿದ್ದ.

ಸೆಂಟ್ರಲ್‌ನಲ್ಲಿ ಇಳಿದಾಗ ಬಿಸಿಲಿಗಿಂತ ಸೆಕೆ ಹೆಚ್ಚಿತ್ತು. ಮುನ್ನೂರಕ್ಕೆ ಒಪ್ಪಿದ ಆಟೊ ಹಿಡಿದು ಮೈಲಾಪೂರಿನ ಶಾಂತತ್ತಿಗೆಯ ಮನೆ ಸೇರಿದೆವು. ನನ್ನ ಯಜಮಾನರ ಅಕ್ಕ ಅವರು. ಉಡುಪಿ ಕಡೆಯಿಂದ ಮದುವೆಯಾಗಿ ಬಂದು, ಹೋಟೆಲು ನಡೆಸುವ ಮನೆಯಲ್ಲಿ ಐವತ್ತು ವರ್ಷ ಕಳೆದವರು. ಕಾಫಿ ಮುಗಿಯುವ ಮೊದಲೇ ಮಾರ್ಕಸ್ ಎದ್ದು ನಿಂತ, ಬಂಗಲೆಯಿದ್ದ ಜಾಗ ನೋಡಬೇಕೆಂದು.

"ಚುಮ್ಮಾ ಯಾಕೆ ಈ ಸೆಕೆಯಲ್ಲಿ ಅಲೆಯುದು? ಕೊಂಚ ಮಲಗಿ ಏಳಿ ಮಾಪಿಳ್ಳೆ" ಎಂದರು ಅತ್ತಿಗೆ. ಅಳಿಯನನ್ನು ಅವರು ತಮಿಳರಂತೆ ಮಾಪಿಳ್ಳೆ ಎಂದೇ ಕರೆಯುವುದು. ಅವನು ಕೇಳಲಿಲ್ಲ. ಅಡ್ಯಾರಿನ ಕಡೆ ಬಂಗಲೆಯ ಗುರುತೂ ಉಳಿದಿರಲಿಲ್ಲ. ಅಪಾರ್ಟ್‌ಮೆಂಟಿನ ಗೇಟಿನ ಮುಂದೆ ಸ್ವಲ್ಪ ಹೊತ್ತು ನಿಂತು ಹಿಂತಿರುಗಿದೆವು. ಆ ರಾತ್ರಿ ಅವನು ಊಟ ಅರ್ಧಕ್ಕೇ ಬಿಟ್ಟ.

ಮರುದಿನ ಬೆಳಿಗ್ಗೆ ಚರ್ಚಿಗೆ ಹೋದೆವು. ನನಗೆ ತಮಿಳು ಅಷ್ಟಕ್ಕಷ್ಟೆ, ಅದಕ್ಕೇ ಅತ್ತಿಗೆಯೂ ಬಂದರು. ಉಸ್ತುವಾರಿಯ ಜೋಸೆಫ್ ಎಂಬ ಹಿರಿಯರು ಬೀಗ ತೆಗೆದು ದೀಪ ಹಾಕಿದರು. ಎಡ್ವರ್ಡ್ ಪೆನ್ರೋಕ್‌ನ ನೆನಪಿನ ಕಲ್ಲು, ಬಿಳಿ ಅಮೃತಶಿಲೆ. ಅದರಲ್ಲಿ ಕೆತ್ತಿದ ತಾಳೆ ಮರದ ಕೆಳಗೆ ಪಂಚೆಯುಟ್ಟ ಆಳೊಬ್ಬ ಮೊಣಕಾಲೂರಿ ಅಳುತ್ತಿದ್ದಾನೆ. ಅಡಿಯಲ್ಲಿ ಇಂಗ್ಲಿಷಿನಲ್ಲಿ, ಉದಾರಿ, ಬಡವರ ಬಂಧು, ಕರುಣಾಳು ಯಜಮಾನ. ಜಮೈಕಾದ ಹೆಸರೆತ್ತಿರಲಿಲ್ಲ.

ಜೋಸೆಫ್ ಅವನ ಹೆಸರು ಕೇಳಿದರು. "ಮಾರ್ಕಸ್ ಪೆನ್ರೋಕ್" ಎಂದ. ಅವರ ಮುಖ ಅರಳಿತು. ಈ ಕುಟುಂಬದವರು ಬಂದದ್ದನ್ನು ತಾನು ಕಂಡೇ ಇಲ್ಲ ಎಂದು ತಮಿಳಿನಲ್ಲಿ ಹೇಳುತ್ತ ಅವನಿಗೆ ಕುರ್ಚಿ ಒರೆಸಿ ಹಾಕಿದರು. ಅತ್ತಿಗೆ ಅದನ್ನು ಕನ್ನಡದಲ್ಲಿ ಹೇಳಿದರು, ನಾನು ಮಾರ್ಕಸ್‌ಗೆ ತಿಳಿಸಿದೆ.

"ನಾನು ಅವನ ಕುಟುಂಬದವನಲ್ಲ. ನನ್ನ ಹಿರಿಯರು ಅವನ ಆಸ್ತಿಯಾಗಿದ್ದರು ಅಂತ ಹೇಳಿ" ಎಂದ ಮಾರ್ಕಸ್, ಇಂಗ್ಲಿಷಿನಲ್ಲಿ.

ಅತ್ತಿಗೆ ತಮಿಳಿನಲ್ಲಿ ಏನೋ ಹೇಳಿದರು. ಜೋಸೆಫ್ ಸಂತೋಷದಿಂದ ಅವನ ಕೈ ಹಿಡಿದುಕೊಂಡರು. 'ಸೊಂದಂ' ಎಂಬ ಮಾತು ನನ್ನ ಕಿವಿಗೂ ಬಿದ್ದಿತ್ತು. ಅಂದರೆ ಸಂಬಂಧಿಕ.

"ಏನಂದರು ಅಮ್ಮಾ?" ಎಂದು ಮಾರ್ಕಸ್ ನನ್ನನ್ನು ಕೇಳಿದ. ಹಿರಿಯ ಅತ್ತಿಗೆಯ ಮಾತನ್ನು ಎದುರಿಗೇ ತಿದ್ದುವುದು ನನಗೆ ಸುಲಭವಾಗಿರಲಿಲ್ಲ. ಆದರೂ ಹೇಳಿದೆ. ಅವನು ಮೆಲ್ಲನೆ ಕೈ ಬಿಡಿಸಿಕೊಂಡ.

"ಎಂಥ ಮಾಡುದು ಮಾಲತಿ? ಚರ್ಚಿನೊಳಗೆ ನಿಂತು ಅಂಥ ಮಾತು ಹೇಗೆ ಹೇಳುದು? ಪಾಪ, ಅವರಿಗೆ ಬೇಜಾರಾಗ್ತದೆ" ಎಂದರು ಅತ್ತಿಗೆ.

"ಇವನಿಗೆ ಆಗಿರೋದು ಬೇಜಾರಲ್ವಾ ಅತ್ತಿಗೆ?"

ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಹೇಳಿದರು. ಈ ಸಲ 'ಅಡಿಮೈ' ಎಂದರು, ಗುಲಾಮ. ಜೋಸೆಫ್ ಕಲ್ಲನ್ನೂ ಮಾರ್ಕಸ್‌ನನ್ನೂ ನೋಡಿದರು. "ಶನಿವಾರ ಶನಿವಾರ ಇದನ್ನು ನಾನೇ ಒರೆಸುವುದು" ಎಂದರು. ನಾನು ಅದನ್ನು ಮಾರ್ಕಸ್‌ಗೆ ತಿಳಿಸಿದೆ.

"ಒರೆಸಿ. ಹೆಸರು ಚೆನ್ನಾಗಿ ಕಾಣಲಿ" ಎಂದ ಮಾರ್ಕಸ್. ಅತ್ತಿಗೆ ಅದನ್ನು ಹಾಗೆಯೇ ಹೇಳಿದರು.

ಅಲ್ಲಿಂದ ಅತ್ತಿಗೆಯ ಮನೆಯವರ ಹೋಟೆಲಿಗೆ ಹೋಗಿ ಪೊಂಗಲ್, ವಡೆ ತಿಂದೆವು. ಮಗುವಿನ ಹೆಸರಿನ ಚಿಂತೆಯನ್ನು ನಾನೇ ಅತ್ತಿಗೆಗೆ ಹೇಳಿದೆ. ಅವರಿಗೆ ಅದೊಂದು ಚಿಂತೆಯೆಂದೇ ಅನಿಸಲಿಲ್ಲ. "ಈ ಊರಲ್ಲಿ ಮನೆತನದ ಹೆಸರು ಎಷ್ಟು ಜನರಿಗುಂಟು? ಅಪ್ಪನ ಹೆಸರಿನ ಒಂದು ಅಕ್ಷರ ಹಾಕಿದರೆ ಮುಗೀತು. ನನ್ನ ಮೊಮ್ಮಕ್ಕಳಿಗೂ ಹಾಗೇ."

ನಾನು ಇಂಗ್ಲಿಷಿನಲ್ಲಿ ತಿಳಿಸಿದಾಗ ಮಾರ್ಕಸ್ ಚಮಚ ಕೆಳಗಿಟ್ಟ. "ಹಾಗಾದರೆ ಅಜ್ಜನ ಹೆಸರು?"

"ಅದು ಅಜ್ಜನ ಜೊತೆಗೇ ಹೋಯ್ತು" ಎಂದರು ಅತ್ತಿಗೆ, ಸಾಂಬಾರು ಬಡಿಸುತ್ತಾ.

ಮೂರನೆಯ ದಿನ ವಾಪಸು ರೈಲು. ಹೊರಡುವ ಮೊದಲು ಪ್ಲಾಟ್‌ಫಾರಂನಿಂದಲೇ ಅವನು ಸುಮನಾಗೆ ಫೋನು ಮಾಡಿದ. "ನಾನು ಈ ಹೆಸರಲ್ಲೇ ಇರ್ತೀನಿ, ಅಭ್ಯಾಸವಾಗಿದೆ. ಮಗು ಇದರೊಳಗೆ ಹುಟ್ಟೋದು ಬೇಡ. ಅದರ ಹೆಸರಿನ ಜೊತೆ ಅಪ್ಪನ ಹೆಸರು, ಮಾರ್ಕಸ್ ಅಂತಲೇ ಇರಲಿ." ಅವಳು ಒಪ್ಪಿದಳೆಂದು ಅವನ ಮುಖದಿಂದಲೇ ತಿಳಿಯಿತು.

ರೈಲು ಹೊರಟಿತು. ನಿಲ್ದಾಣದ ಕೆಂಪು ಗೋಡೆಗಳು ಹಿಂದೆ ಸರಿಯುವುದನ್ನು ನೋಡುತ್ತ ಅವನು ತನ್ನಷ್ಟಕ್ಕೆ ಹೇಳಿಕೊಂಡ. "ಅಜ್ಜಿ ನರ್ಸ್ ಆಗಿದ್ದಳು. ಎದೆಯ ಮೇಲೆ ಪೆನ್ರೋಕ್ ಅಂತ ಬ್ಯಾಡ್ಜು ಹಾಕಿಕೊಂಡು ಹೆಮ್ಮೆಯಿಂದ ಓಡಾಡಿದವಳು. ಇದನ್ನು ಒಪ್ಪುತ್ತಿದ್ದಳಾ?"

"ಗೊತ್ತಿಲ್ಲಪ್ಪ" ಎಂದೆ.

"ಸಿಟ್ಟಾಗುತ್ತಿದ್ದಳು" ಎಂದ. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಹೇಳಿದ. "ಆದರೂ ಮಗುವನ್ನು ಎತ್ತಿಕೊಳ್ಳುತ್ತಿದ್ದಳು."