ಥಂಡಿಯ ಮೇಲೆ ಹೊರಿಸಿದ್ದು

ಶಾರದಾ, ನಿನ್ನ ಬಲಗೈ ಸೋತದ್ದು ಆಪರೇಷನ್ನಿನಲ್ಲಿ ಮೈ ತಣ್ಣಗೆ ಮಾಡಿದ್ದರಿಂದ ಅಲ್ಲ. ಹಾಗೆಂದು ಎಲ್ಲರಿಗೂ ಹೇಳಿದವನು ನಾನು — ಸುಳ್ಳು ಹೇಳಿದೆ.

ಆ ಭಾನುವಾರ ಮಾಚೇನಹಳ್ಳಿಯ ವರ್ಕ್‌ಶಾಪಿನ ಗೆಳೆಯರನ್ನು ಊಟಕ್ಕೆ ಕರೆದಿದ್ದೆ. ನೀನು ತಲೆ ಹಿಡಿದು ಅಡುಗೆಮನೆಯಲ್ಲೇ ಕುಸಿದು ಕೂತೆ. ಯಾರೋ ಹಿಂದಿನಿಂದ ಹೊಡೆದ ಹಾಗಾಯಿತು ಅಂದೆ, ವಾಂತಿ ಮಾಡಿಕೊಂಡೆ. ನಾನು ಹೇಳಿದ್ದು ಇಷ್ಟು: “ಪಿತ್ತ ಕಣೇ ಮಾರಾಯ್ತಿ, ನಿಂಬೆಹಣ್ಣಿನ ಪಾನಕ ಕುಡಿ. ಅವರು ಬರೋ ಹೊತ್ತಾಯ್ತು.” ನೀನು ಎದ್ದು ಅಡುಗೆ ಮಾಡಿದೆ. ಎಲ್ಲರೂ ಸಾರು ಹೊಗಳಿ ಉಂಡರು. ಮರುದಿನವೂ ನೋವಿತ್ತೇನೋ — ನಾನು ಕೇಳಲಿಲ್ಲ. ಅದರ ಮರುದಿನ ನಿನಗೆ ಪ್ರಜ್ಞೆ ತಪ್ಪಿತು.

ಮೆದುಳಿನ ರಕ್ತನಾಳ ಬಲೂನಿನಂತೆ ಉಬ್ಬಿ ಒಡೆದಿದೆ ಎಂದರು ಶಿವಮೊಗ್ಗದ ಡಾಕ್ಟರು. “ಆಪರೇಷನ್ ಹೊತ್ತಲ್ಲಿ ಮೈ ಸ್ವಲ್ಪ ತಣ್ಣಗೆ ಇಡ್ತೀವಿ. ಮೆದುಳಿಗೆ ರಕ್ತ ಕಮ್ಮಿಯಾದ್ರೂ ತಡ್ಕೊಳ್ಳಲಿ ಅಂತ. ಉಪಯೋಗ ಆಗೇ ಆಗತ್ತೆ ಅನ್ನಕ್ಕಾಗಲ್ಲ. ಇಂಥ ನೋವು ಮುಂಚೆ ಬಂದಿತ್ತಾ?”

“ಇಲ್ಲ ಸಾರ್.”

ನಿನ್ನ ಜೀವ ಉಳಿಯಿತು. ಇದು ಎರಡನೇ ಸಲ ಒಡೆದಿದ್ದು, ಹಾನಿ ಆಪರೇಷನ್ನಿಗೆ ಮುಂಚೆಯೇ ಆಗಿತ್ತು, ಮೊದಲ ಸಲವೇ ಬಂದಿದ್ದರೆ — ಎಂದು ಡಾಕ್ಟರು ಮಾತು ನಿಲ್ಲಿಸಿ ನನ್ನ ಮುಖ ನೋಡಿದರು.

ನಿನ್ನ ತಮ್ಮ ಮಂಚದ ಪಕ್ಕ ನಿಂತು ಕೇಳಿದ: “ಭಾವ, ಅಕ್ಕನ ಕೈ ಯಾಕೆ ಏಳ್ತಿಲ್ಲ?”

“ತಣ್ಣಗೆ ಮಾಡಿಬಿಟ್ರು ಕಣೋ. ಕಾದ ಕಬ್ಬಿಣಕ್ಕೆ ನೀರು ಹೊಯ್ದ್ರೆ ಸೀಳು ಬಿಡಲ್ವಾ?”

ಭದ್ರಾವತಿಯ ಕುಲುಮೆ ಮುಂದೆ ಆಯುಸ್ಸು ಕಳೆದವನ ಮಾತು — ಯಾರೂ ಎದುರು ಕೇಳಲಿಲ್ಲ. ನೀನು ಕಣ್ಣು ಮುಚ್ಚಿ ಕೇಳಿಸಿಕೊಳ್ಳುತ್ತಿದ್ದೆ.

ಅಂದಿನಿಂದ ನೀನು ಮಜ್ಜಿಗೆ ಮುಟ್ಟಲಿಲ್ಲ. ನ್ಯೂ ಟೌನಿನ ಈ ಬೇಸಿಗೆಯಲ್ಲೂ ನಮ್ಮ ಮನೆಯಲ್ಲಿ ಫ್ಯಾನ್ ತಿರುಗುವುದಿಲ್ಲ. ನಿನ್ನ ತಲೆಯ ಮೇಲೆ ಉಣ್ಣೆಯ ಟೋಪಿ. ಅದನ್ನು ತಂದುಕೊಟ್ಟವನೂ ನಾನೇ. ನಿನ್ನೆ ನೀನು ಎಡಗೈಯಲ್ಲಿ ಬೆವರು ಒರೆಸಿಕೊಳ್ಳುತ್ತ, ತಡವರಿಸುತ್ತ, “ನಂಗೆ... ಥಂಡಿ ಆಗ್ಬರಲ್ಲ ಅಲ್ವೇನ್ರೀ?” ಅಂದಾಗ ನಾನು ಮತ್ತೆ ಹೂಂ ಅಂದೆ. ಎಷ್ಟು ಸಲೀಸಾಗಿ ಅಂದೆ —

ಬಾಯಿಬಿಟ್ಟು ಹೇಳುವ ಧೈರ್ಯ ಇಷ್ಟು ವರ್ಷ ಬರಲಿಲ್ಲ, ಅದಕ್ಕೇ ಬರೆದಿದ್ದೇನೆ. ನಾಳೆ ನಿನ್ನ ತಮ್ಮನನ್ನೂ ಕೂರಿಸಿಕೊಂಡು ಇದನ್ನು ನಿನಗೆ ಓದಿ ಹೇಳುತ್ತೇನೆ. ಆಮೇಲೆ ಆ ಟೋಪಿ ತೆಗೆದುಬಿಡು. ನನ್ನ ಮುಖ ನೋಡಬೇಕು ಅನ್ನಿಸದಿದ್ದರೆ ಗೋಡೆ ಕಡೆ ತಿರುಗಿ ಮಲಗು. ಫ್ಯಾನ್ ಹಾಕಿ, ನಾನು ಹೊರಗೆ ಕೂತಿರುತ್ತೇನೆ.