ಕೆಂಪು ಗುಂಡಿ ಒತ್ತಿದವರಿಗೆ ಭೇಷ್

ನನ್ನ ಸೊಸೆ ಎಂಜಿನಿಯರಿಂಗ್ ಕಾಲೇಜಿನಲ್ಲಿ ರೋಬೋಗೆ ಬುದ್ಧಿ ಹೇಳುವುದು ಹೇಗೆಂದು ಹುಡುಗರಿಗೆ ಕಲಿಸುತ್ತಾಳೆ. ಮನೆಯಲ್ಲಿ ನನಗೂ ನನ್ನ ಮಗನಿಗೂ ಹೇಳಿ ಹೇಳಿ ಪಳಗಿದ ಬಾಯಿ, ಕೆಲಸ ಕಷ್ಟವಾಗಲಿಲ್ಲ.

ಅವಳ ಲ್ಯಾಬು ಥೇಟ್ ಕಾರ್ಖಾನೆ. ಸೈರನ್ ಕೂಗಿದ ಮೇಲೆ ಬಂದವನ ಕೈಗೆ ಪೊರಕೆ. ಮೊದಲ ಪಾಠಕ್ಕೆ ಪುಸ್ತಕವಿಲ್ಲ. ಆಳೆತ್ತರದ ಕಬ್ಬಿಣದ ತೋಳಿನ ಮುಂದೆ ಥರ್ಮಾಕೋಲ್ ಡಬ್ಬಿ ಇಟ್ಟು, "ನೀವು ಬರೆದ ಪ್ರೋಗ್ರಾಂ ಓಡಿಸಿ, ಗುದ್ದಿದ್ರೆ ಗುದ್ದಲಿ" ಎನ್ನುತ್ತಾಳೆ. ಸಂಜೆ ಮನೆಗೆ ಬಂದರೆ ಅವಳ ಜಡೆಯ ತುಂಬ ಬಿಳಿ ಪುಡಿ. ತೋಳಿನ ಸುತ್ತ ನೆಲದ ಮೇಲೆ ಹಳದಿ ಗೆರೆ. ತೋಳು ಓಡುವಾಗ ಅದನ್ನು ದಾಟಿದವನಿಗೂ ಪೊರಕೆಯೇ. ದಾಟಿದ್ದನ್ನು ಕಂಡವರು, ಯಾರೇ ಆಗಲಿ, ಕೆಂಪು ಗುಂಡಿ ಒತ್ತಿ ತೋಳನ್ನು ನಿಲ್ಲಿಸಬೇಕು. ಸುಮ್ಮಸುಮ್ಮನೆ ಒತ್ತಿದರೂ ಅವಳು ಬೈಯುವುದಿಲ್ಲ. ಮೊದಲು "ಭೇಷ್", ಆಮೇಲೆ ವಿಚಾರಣೆ. ಬೈದರೆ ನಾಳೆ ಕೈ ಹಿಂಜರಿಯುತ್ತದಂತೆ. ಈ ನಿಯಮ ನಮ್ಮ ಅಡುಗೆಮನೆಗೆ ಮಾತ್ರ ಬಂದಿಲ್ಲ.

ಹೋದ ವರ್ಷ ಅವಳ ಕೆಲಸ ಕಾಯಂ ಆಗಬೇಕಿತ್ತು. ಸಹಿ ಹಾಕಬೇಕಾದವರು ಪ್ರಿನ್ಸಿಪಾಲರು. ಹುಡುಗರ, ಸಿಬ್ಬಂದಿಯ ಮನೆಯವರಿಗೆಲ್ಲ ಲ್ಯಾಬು ತೋರಿಸುವ ದಿನ ನಾನೂ ಹೋದೆ. ಗುಂಡಿಯ ಪಕ್ಕದ ಸ್ಟೂಲು ಸಿಕ್ಕಿತು. ಹುಡುಗರು ಬರೆದುಕೊಟ್ಟ ಹಾಗೆ ತೋಳು ಸೋಪಿನ ಪೆಟ್ಟಿಗೆಗಳನ್ನು ಎತ್ತಿ ಎತ್ತಿ ಜೋಡಿಸುತ್ತಿತ್ತು. ಪ್ರಿನ್ಸಿಪಾಲರು ಫೋಟೋಗೆ ಹಲ್ಲು ಕಿರಿಯುತ್ತ ಹಿಂದೆ ಹಿಂದೆ ಸರಿದರು. ಬೂಟು ಗೆರೆ ದಾಟಿತು. ತೋಳು ಪೆಟ್ಟಿಗೆ ಹಿಡಿದು ಅವರತ್ತ ತಿರುಗಿತು. ಒತ್ತಿಬಿಟ್ಟೆ.

ಗಕ್ಕನೆ ನಿಂತಿತು. ಪೆಟ್ಟಿಗೆ ಅವರ ಬೋಳುತಲೆಯಿಂದ ಒಂದು ಗೇಣು ದೂರ.

"ಯಾರ್ರೀ ಒತ್ತಿದ್ದು?"

"ನಾನಪ್ಪಾ."

ಅವರು ಸೊಸೆಯ ಕಡೆ ತಿರುಗಿ ನಕ್ಕರು. "ನಿಮ್ಮತ್ತೆನಾ? ಪಾಪ, ವಯಸ್ಸಾಗಿದೆ, ಗೊತ್ತಾಗದೆ ಕೈ ತಗುಲಿರ್ಬೇಕು. ಹೌದು ಅಂದ್ಬಿಡಿ, ಮತ್ತೆ ಶುರು ಮಾಡೋಣ."

ಹೌದು ಎಂದರೆ ಸಹಿ ಬಿದ್ದ ಹಾಗೆಯೇ. ಅಂದುಬಿಡೇ ತಾಯಿ, ಎಂದು ನಾನೂ ಕಣ್ಣಲ್ಲೇ ಬೇಡಿಕೊಂಡೆ. ಆದರೆ ಹುಡುಗರೆಲ್ಲ ಅವಳ ಬಾಯನ್ನೇ ನೋಡುತ್ತಿದ್ದರು.

"ಇಲ್ಲ ಸಾರ್. ನೀವು ಗೆರೆ ದಾಟಿದ್ರಿ. ಅವ್ರು ಸರಿಯಾಗೇ ಒತ್ತಿದಾರೆ." ಆಮೇಲೆ ಹಲ್ಲುನೋವು ಬಂದವಳ ಹಾಗೆ ಮುಖ ಮಾಡಿಕೊಂಡು ನನ್ನತ್ತ, "ಭೇಷ್, ಅತ್ತೆ" ಎಂದಳು.

ಮದುವೆಯಾಗಿ ಬಂದಾಗಿನಿಂದ ಅವಳ ಬಾಯಿಂದ ನನಗೆ ಸಿಕ್ಕ ಮೊದಲ ಭೇಷ್. ನಮ್ಮ ಯಜಮಾನರಂತೂ ಅದನ್ನು ಅನ್ನದೆಯೇ ತೀರಿಕೊಂಡರು.

"ಈಚೆ ಬನ್ನಿ ಸಾರ್. ನೀವು ಬರೋವರೆಗೂ ಅದು ಶುರುವಾಗಲ್ಲ."

ಪ್ರಿನ್ಸಿಪಾಲರು ಬಂದರು. ಹಿಂದಿನಿಂದ ಯಾರೋ ಅಭ್ಯಾಸಬಲದಿಂದ ಪೊರಕೆ ಚಾಚಿದರು.

ಮುಂದೆ ಬಹಳ ದಿನ ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಉಸಿರು ಬಿಡಲಿಲ್ಲ. ಕೊನೆಗೂ ಸಹಿ ಬಿತ್ತು. ಪೆಟ್ಟಿಗೆ ಎಷ್ಟು ಹತ್ತಿರ ಬಂದಿತ್ತೆಂದು ಪ್ರಿನ್ಸಿಪಾಲರೇ ಫೋಟೋದಲ್ಲಿ ನೋಡಿರಬೇಕು. ಜೊತೆಗೆ ಲ್ಯಾಬಿನ ಬಾಗಿಲಿಗೆ ಹೊಸ ಬೋರ್ಡೂ ಬಿತ್ತಂತೆ: ಸಿಬ್ಬಂದಿಯ ಸಂಬಂಧಿಕರಿಗೆ ಪ್ರವೇಶವಿಲ್ಲ.

"ಯಾರೇ ಅದು, ಸಂಬಂಧಿಕರು?" ಎಂದೆ.

"ನೀವೇ ಅತ್ತೆ" ಎಂದಳು, ಜಡೆಯಿಂದ ಥರ್ಮಾಕೋಲ್ ಕೊಡವುತ್ತ.