ಡಬ್ಬಿಗೆ ಕಿವಿ ಇಲ್ಲ

ಲಕ್ಷ್ಮೇಶ್ವರದ ಮೊದಲ ಬೆಳಿಗ್ಗೆ ನಾನು ಕಣ್ಣು ಬಿಟ್ಟಾಗ ಛಾವಣಿಯಲ್ಲಿ ಇನ್ನೆರಡು ಕಣ್ಣುಗಳಿದ್ದವು. ಹಾಸಿಗೆಯ ನೇರ ಮೇಲೆ ತಟ್ಟೆಯಗಲದ ಒಂದು ತೂತು, ಆ ತೂತಿನ ತುಂಬ ಮುದುಕಿಯೊಬ್ಬಳ ಮುಖ. ಅದು ಕದಲಲಿಲ್ಲ. ನಾನು ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡೆ.

"ಎದ್ದಿಯೇನವಾ? ಹೊತ್ತ ಏರೇತಿ," ಎಂದಿತು ಮುಖ. ಆಮೇಲೆ ಅಲ್ಲಿ ಬರೀ ಆಕಾಶ ಉಳಿಯಿತು.

ಮಲ್ಪೆಯ ಕಡಲ ಮಗ್ಗುಲಲ್ಲಿ ಕುಳಿತು ಇದನ್ನು ಓದುವ ನಿಮಗೆ ಈ ಮನೆಯನ್ನು ಹೇಗೆ ವಿವರಿಸಲಿ? ನಮ್ಮಲ್ಲಿ ಮನೆಯ ಮೇಲೆ ಹೆಂಚು, ನೀರು ಇಳಿದು ಹೋಗಲೆಂದೇ ಇಳಿಜಾರು. ಅದರ ಮೇಲೆ ಬೆಕ್ಕು ಬಿಟ್ಟರೆ ಯಾರೂ ಓಡಾಡುವುದಿಲ್ಲ. ಇಲ್ಲಿನ ಹಳೆಯ ಮನೆಗಳಿಗೆ ಮರದ ತೊಲೆ, ತೊಲೆಯ ಮೇಲೆ ದಪ್ಪ ಮಣ್ಣು, ಮಣ್ಣಿನ ಮೇಲೆ ಜನ. ಅದನ್ನು ಮಾಳಗಿ ಎನ್ನುತ್ತಾರೆ. ಅಲ್ಲಿ ಶೇಂಗಾ ಒಣಗುತ್ತದೆ, ಮೆಣಸಿನಕಾಯಿ ಒಣಗುತ್ತದೆ, ಬೇಸಿಗೆಯಲ್ಲಿ ಮನೆಮಂದಿ ಅಲ್ಲೇ ಮಲಗುತ್ತಾರೆ. ಕೆಳಗೆ ಬೆಳಕು ಬೀಳಲೆಂದು ಆ ಮಣ್ಣಿನಲ್ಲಿ ಬಿಟ್ಟ ತೂತಿಗೆ ಬೆಳಕಿಂಡಿ ಎಂದು ಹೆಸರು. ಬೆಳಕಿನ ಜೊತೆ ಮನೆಯೊಡತಿ ಗಂಗವ್ವನ ದೃಷ್ಟಿಯೂ ಇಳಿಯುತ್ತದೆಂದು ಕೋಣೆ ಗೊತ್ತು ಮಾಡುವಾಗ ಯಾರೂ ನನಗೆ ಹೇಳಿರಲಿಲ್ಲ.

ಕೋಣೆ ಸಿಕ್ಕಿದ್ದೇ ದೊಡ್ಡದು. ಗದಗ-ಬೆಟಗೇರಿಯಲ್ಲಿ ಹುಡುಕಿ ಹುಡುಕಿ ಸಾಕಾಗಿತ್ತು. ಒಂಟಿ ಹೆಂಗಸು ಎಂದ ಕೂಡಲೇ ಬಾಗಿಲು ಅರ್ಧ ಮುಚ್ಚಿಕೊಳ್ಳುತ್ತಿತ್ತು, ಉಳಿದ ಮಾತೆಲ್ಲ ಸಂದಿಯಿಂದ. ಗಂಗವ್ವ ಮಾತ್ರ ಕಟ್ಟೆಯ ಮೇಲೆ ಕೂರಿಸಿ ವಿಚಾರಣೆ ನಡೆಸಿದಳು.

"ಮೀನ ತಿಂತೀಯೇನು?"

"ಊರಲ್ಲಿ ತಿನ್ನುತ್ತೇನೆ. ಇಲ್ಲಿ ಇಲ್ಲ."

"ಖರೆ?"

"ಖರೆ."

"ಗಂಡ ಸತ್ತಾನೋ, ಬಿಟ್ಟಾನೋ?"

"ಮದುವೆಯೇ ಆಗಿಲ್ಲ."

ಈ ಕೊನೆಯ ಉತ್ತರ ಅವಳಿಗೆ ಹಿಡಿಸಿತೋ ಇಲ್ಲವೋ ತಿಳಿಯಲಿಲ್ಲ. ಒಟ್ಟಿನಲ್ಲಿ ಪಡಸಾಲೆಗೆ ತಾಗಿದ ಮುಂದಿನ ಕೋಣೆ ಕೊಟ್ಟಳು. ಮನೆಯಲ್ಲಿ ಅವಳು, ದವಸದ ಪೇಟೆಯಲ್ಲಿ ತೂಕ ಮಾಡುವ ಮಗ ಶಿವಪ್ಪ, ಸೊಸೆ ರೇಣುಕಾ. ಮೂವರೂ ನನ್ನೊಡನೆ ಬಹಳ ನಯವಾಗಿದ್ದರು. ಇಷ್ಟು ನಯ ಯಾಕೆ ಎಂದು ನಾನು ಮೊದಲ ದಿನವೇ ಸಂಶಯಪಟ್ಟೆ. ನನ್ನ ಸ್ವಭಾವವೇ ಹಾಗೆ. ಮೀನು ಕೊಳ್ಳುವಾಗ ಕಿವಿರು ಎತ್ತಿ ನೋಡದೆ ಕೊಳ್ಳುವ ವಂಶ ನಮ್ಮದಲ್ಲ.

ನಾನು ಬಂದದ್ದು ಸಂಶೋಧನೆಗೆ. ಮನುಷ್ಯರು ತಮ್ಮ ಸುತ್ತಲನ್ನು ಹೇಗೆ ಬದಲಿಸುತ್ತಾರೆ, ಸುತ್ತಲು ಮನುಷ್ಯರನ್ನು ಹೇಗೆ ಬದಲಿಸುತ್ತದೆ ಎಂಬುದು ನಮ್ಮ ವಿಭಾಗದ ವಿಷಯ. ನನ್ನ ಪಾಲಿಗೆ ಬಂದದ್ದು ಮನೆ ಮತ್ತು ಬಿಸಿಲು. ಮಣ್ಣಿನ ಮಾಳಗಿ ಕೆಡವಿ ಜನ ಸಿಮೆಂಟಿನ ಮನೆ ಕಟ್ಟುತ್ತಿದ್ದಾರೆ. ಅದರಿಂದ ಒಳಗಿನ ಸೆಕೆ ಹೇಗೆ ಬದಲಾಗುತ್ತದೆ, ಆ ಸೆಕೆಯಿಂದ ಅವರ ಅಡುಗೆ, ನಿದ್ದೆ, ಜಗಳ ಹೇಗೆ ಬದಲಾಗುತ್ತವೆ ಎಂದು ನೋಡಬೇಕು. ಇವರು ಸೆಕೆಗೆ ಜಳ ಎನ್ನುತ್ತಾರೆ. ನಮ್ಮ ಸೆಕೆ ಮೈಗೆ ಅಂಟುತ್ತದೆ, ಇವರ ಜಳ ಮೈಯಿಂದ ನೀರನ್ನು ಕದ್ದುಕೊಂಡು ಹೋಗುತ್ತದೆ. ಬೆವರಿದ್ದೇ ಗೊತ್ತಾಗುವುದಿಲ್ಲ, ಅಂಗಿಯ ಮೇಲೆ ಉಪ್ಪಿನ ಗೆರೆ ಮಾತ್ರ ಸಿಗುತ್ತದೆ.

ಜಳ ಅಳೆಯಲು ಬೆಂಕಿಪೊಟ್ಟಣದಷ್ಟು ದೊಡ್ಡ ಬಿಳಿ ಡಬ್ಬಿಗಳನ್ನು ತಂದಿದ್ದೆ. ಮನೆಯೊಳಗೆ ಇಟ್ಟರೆ ತಮ್ಮಷ್ಟಕ್ಕೆ ತಾಪಮಾನ ದಾಖಲಿಸುತ್ತವೆ, ಬದುಕಿದ್ದೇವೆ ಎಂದು ತಿಳಿಸಲು ಆಗಾಗ ಹಸಿರು ದೀಪ ಮಿಣುಕಿಸುತ್ತವೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಬೆಟಗೇರಿಯ ಮನೆಗಳಲ್ಲಿ ಒಂದೊಂದು ಇಟ್ಟೆ. ಇಟ್ಟ ದಿನದಿಂದ ಶುರುವಾಯಿತು. ಇದು ಕರೆಂಟು ಕಳ್ಳತನ ಹಿಡಿಯುವ ಡಬ್ಬಿ ಎಂದರು ಶಿರಹಟ್ಟಿಯವರು. ಮುಂಡರಗಿಯಲ್ಲಿ ಒಬ್ಬಾಕೆ ಡಬ್ಬಿಗೆ ದೃಷ್ಟಿಯಾಗದಿರಲೆಂದು ಮೆಣಸಿನಕಾಯಿ ಕಟ್ಟಿದಳು. ಬೆಟಗೇರಿಯ ಒಬ್ಬ ನೇಕಾರ, ಇಷ್ಟು ನಾಜೂಕಿನ ಸಾಮಾನು ಬಿಸಿಲಿಗೆ ಕೆಟ್ಟರೆ ಮೇಡಂ ಬೈಯುತ್ತಾರೆಂದು ಜೋಪಾನವಾಗಿ ಫ್ರಿಜ್ಜಿನಲ್ಲಿಟ್ಟುಬಿಟ್ಟ. ಆ ಮನೆಯಲ್ಲಿ ಬೇಸಿಗೆಯೇ ಬರಲಿಲ್ಲ.

ನಾನಿದ್ದ ಮನೆಯ ಅಡುಗೆಕೋಣೆಯಲ್ಲಿ ಡಬ್ಬಿ ಇಡುವಾಗ ಶಿವಪ್ಪ ಬಾಗಿಲಲ್ಲಿ ನಿಂತಿದ್ದ.

"ಈ ಲೈಟ್ ಯಾಕ ಮಿಣಕ್ ಮಿಣಕ್ ಅಂತೈತ್ರಿ?"

"ಕೆಲಸ ಮಾಡುತ್ತಿದೆ ಎಂದು ತೋರಿಸಲಿಕ್ಕೆ."

"ಏನ್ ಕೆಲಸ?"

"ಜಳ ಅಳೆಯುವುದು. ಅಷ್ಟೇ."

"ಮಾತ ಹಿಡಿಯೂದಿಲ್ಲಾ?"

"ಇದಕ್ಕೆ ಕಿವಿ ಇಲ್ಲ, ಶಿವಪ್ಪ."

ಅವನು ನಕ್ಕ. ದವಸದ ಪೇಟೆಯಲ್ಲಿ ಬೆಳೆದವನು ಬೇರೆಯವರ 'ಅಷ್ಟೇ'ಯನ್ನು ಹಾಗೆ ಸುಮ್ಮನೆ ನಂಬುವುದಿಲ್ಲ.

ದಿನಗಳು ಕಳೆದವು. ಗಂಜಿ ಬಿಟ್ಟು ಜೋಳದ ರೊಟ್ಟಿಗೆ ಬಂದೆ. ಮೊದಮೊದಲು ಅಂಗುಳು ಉರಿಯುತ್ತಿತ್ತು, ಆಮೇಲೆ ಗುರೆಳ್ಳಿನ ಪುಡಿ ಕಂಡರೆ ಬಾಯಲ್ಲಿ ನೀರು. ಬಸ್ಸಿನಲ್ಲಿ 'ಜರಾ ಸರೀರಿ' ಎಂದು ಕೇಳಿ ಜಾಗ ಗಿಟ್ಟಿಸಿದ ದಿನ ಪರೀಕ್ಷೆ ಪಾಸಾದಷ್ಟು ಖುಷಿಯಾಯಿತು. ರೇಣುಕಾ ನನ್ನ ಮಾತಿನ ಧಾಟಿ ಅಣಕಿಸಿ ನಗಿಸುತ್ತಿದ್ದಳು. "ನೀವು ಪುಸ್ತಕ ಓದಿದಂಗ ಬೈತೀರಲ್ರಿ, ಬೈಸ್ಕೊಂಡಾಂವಗ ತಿಳಿಯೂದs ಇಲ್ಲ," ಎನ್ನುತ್ತಿದ್ದಳು. ಅವಳು ನಗುವುದು ಶಿವಪ್ಪ ಮನೆಯಲ್ಲಿ ಇಲ್ಲದಾಗ ಮಾತ್ರ ಎಂಬುದನ್ನು ನಾನು ಗಮನಿಸಿದ್ದೆ, ಆದರೆ ಅದರ ಬಗ್ಗೆ ಯೋಚಿಸಿರಲಿಲ್ಲ.

ನನ್ನ ಯೋಚನೆಯೆಲ್ಲ ಡಬ್ಬಿಯ ಮೇಲಿತ್ತು. ಅಡುಗೆಕೋಣೆಯ ಲೆಕ್ಕ ತಾಳೆಯಾಗುತ್ತಿರಲಿಲ್ಲ. ಸಂಜೆ ಒಲೆ ಹೊತ್ತುವ ಹೊತ್ತಿಗೆ ತಾಪ ಏರಬೇಕಲ್ಲ? ಕೆಲವು ಸಂಜೆ ತಟಕ್ಕನೆ ಇಳಿಯುತ್ತಿತ್ತು. ಯಾರೋ ಡಬ್ಬಿ ಎತ್ತಿಡುತ್ತಿದ್ದಾರೆ. ಯಾರು? ನನ್ನ ಸಂಶಯ ನೇರ ಗಂಗವ್ವನ ಮೇಲೆ ಹೋಯಿತು. ಬೆಳಕಿಂಡಿಯಿಂದ ಇಣುಕುವವಳು ಇನ್ನೇನು ತಾನೇ ಮಾಡಲಿಕ್ಕಿಲ್ಲ? ಸೊಸೆಯ ಮೇಲೆ ಅವಳು ದನಿಯೇರಿಸುವುದನ್ನೂ ಕೇಳಿದ್ದೆ. ಕಡೆಗೆ ಕೇಳಿಯೇಬಿಟ್ಟೆ.

"ನಾ ಯಾಕ ಮುಟ್ಟಲಿ ಅದನ್ನ?" ಎಂದಳು ಗಂಗವ್ವ, ಕಣ್ಣು ಕಿರಿದು ಮಾಡಿ. "ಮುಟ್ಟಿದ್ರ ನಿನಗ ಖಬರ ಹೋಗತೈತಲ್ಲ!"

ಈ ಮಾತು ಕೇಳಿ ನನ್ನ ಸಂಶಯ ಇಮ್ಮಡಿಯಾಯಿತು.

ಒಂದು ಸಂಜೆ ಮುಂಡರಗಿಯಿಂದ ಬೇಗ ಬಂದು ನನ್ನ ಕೋಣೆಯಲ್ಲಿದ್ದೆ. ಶಿವಪ್ಪ ಪೇಟೆಯಿಂದ ಬಂದ. ರೊಟ್ಟಿ ತಣ್ಣಗಾಗಿದೆ ಎಂದು ಶುರುವಾದ ಅವನ ದನಿ ಪಡಸಾಲೆ ತುಂಬಿತು. ತಾಟು ನೆಲಕ್ಕೆ ಬಿದ್ದ ಸದ್ದಾಯಿತು. ನಾನು ಬಾಗಿಲಿಗೆ ಬಂದೆ. ಅವನ ಕೈ ಮೇಲೆದ್ದಿತ್ತು. ರೇಣುಕಾ ಹಿಂದೆ ಸರಿಯಲಿಲ್ಲ, ಅಳಲೂ ಇಲ್ಲ. ಸೆರಗಿನಿಂದ ಬಿಳಿ ಡಬ್ಬಿ ತೆಗೆದು ಟಿವಿಯ ಪಕ್ಕದ ಗೂಡಿನಲ್ಲಿ, ದೀಪ ಅವನಿಗೆ ಕಾಣುವಂತೆ ಇಟ್ಟಳು. ಹಸಿರು ದೀಪ ಮಿಣುಕಿತು. ಶಿವಪ್ಪನ ಕೈ ತಂತಾನೆ ಇಳಿಯಿತು. ನನ್ನನ್ನು ನೋಡಿದ, ಡಬ್ಬಿಯನ್ನು ನೋಡಿದ, ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ.

"ಅದಕ್ಕೆ ಕಿವಿ ಇಲ್ಲ ಎಂದು ಎಷ್ಟು ಸಲ ಹೇಳಿದ್ದೇನೆ," ಎಂದೆ ನಾನು. ಆ ಹೊತ್ತಿಗೆ ನನ್ನ ಬಾಯಿಗೆ ಬಂದದ್ದು ಅದೊಂದೇ ಪೆದ್ದು ಮಾತು.

"ಹೇಳ್ರಿ, ದಿನಾ ಹೇಳ್ರಿ," ಎಂದಳು ರೇಣುಕಾ, ಚೆಲ್ಲಿದ ಪಲ್ಯ ಬಳಿಯುತ್ತ. "ನೀವು ಇಲ್ಲ ಅಂದಷ್ಟೂ ಅವರಿಗೆ ಐತಿ ಅನ್ನಸ್ತೈತಿ. ಇದು ಬಂದಾಗಿಂದ ಅವರು ನನ್ನ ಮುಟ್ಟಿಲ್ಲ."

ತವರಿಗೆ ಹೋಗಬಹುದಲ್ಲ ಎಂದೆ. "ಅಲ್ಲೂ ಒಬ್ಬ ಅಣ್ಣ ಅದಾನ್ರಿ," ಎಂದಳು. ಅಳೆಯಲು ಬಂದ ನನ್ನ ಡಬ್ಬಿ ಅಳೆಯಬೇಕಾದ ಮನೆಯನ್ನೇ ಬದಲಿಸಿತ್ತು. ಪ್ರಾಧ್ಯಾಪಕರು ಆ ಮನೆಯ ಲೆಕ್ಕ ಕೈಬಿಡಲು ಹೇಳಿದರು, ಬಿಟ್ಟೆ. ನನ್ನ ಪ್ರಬಂಧದಲ್ಲಿ ಆ ಮನೆ ಇಲ್ಲ.

ಅಂದಿನಿಂದ ನನಗೆ ಹೊಸ ಸಂಶಯ ಹತ್ತಿತು. ಬೆಳಿಗ್ಗೆ ಬಿಸಿ ರೊಟ್ಟಿ, ಮೇಲೊಂದು ತುಂಡು ಬೆಣ್ಣೆ, 'ಇನ್ನೊಂದ ಹಾಕ್ಕೋರಿ' ಎಂಬ ಒತ್ತಾಯ. ಇದೆಲ್ಲ ನನಗೋ, ಡಬ್ಬಿಗೋ? ಪ್ರೀತಿ ಎಂದುಕೊಂಡದ್ದು ಪ್ರೀತಿಯೇ ಅಲ್ಲವೇನೋ. ಅಧ್ಯಯನ ಮುಗಿದು ಡಬ್ಬಿಗಳನ್ನು ಒಟ್ಟುಗೂಡಿಸಿ ಹೊರಟ ದಿನ ರೇಣುಕಾ ನನ್ನ ಚೀಲ ಹಿಡಿದು ಬಸ್‌ಸ್ಟ್ಯಾಂಡಿಗೆ ಬಂದಳು. "ನೀವು ಹೋದ್ರ ಹೋಗ್ರಿ. ಅದನ್ನ ಬಿಟ್ಟ ಹೋಗ್ರಿ," ಎಂದಳು. ಬಿಟ್ಟುಹೋದೆ. ವಿಭಾಗಕ್ಕೆ ಒಂದು ಡಬ್ಬಿ ಕಳೆದಿದೆ ಎಂದು ಹೇಳಿದೆ.

ಊರಿಗೆ ಮರಳಿದರೆ ನನಗೆ ಮಲ್ಪೆಯೇ ಒಗ್ಗಲಿಲ್ಲ. ಬೆವರು ಕಿರಿಕಿರಿ, ಅನ್ನ ಸಪ್ಪೆ. ಬೆಳಿಗ್ಗೆ ಕಣ್ಣು ಬಿಟ್ಟರೆ ಮೇಲೆ ತೂತು ಹುಡುಕುತ್ತಿದ್ದೆ. "ನಿನ್ನ ಮನಸ್ಸು ಇಲ್ಲಿ ಇಲ್ಲ. ಅಲ್ಲಿ ನಿನಗೆ ಎಂತ ಉಂಟು ಮಾರಾಯ್ತಿ?" ಎಂದು ಅಮ್ಮ ಕೇಳುತ್ತಿದ್ದಳು. ಯಾರೋ ಗಂಡಸಿರಬೇಕೆಂಬ ಗುಮಾನಿ ಅವಳದು.

ಆಗ ಫೋನು ಬಂತು. ಗಂಗವ್ವ.

"ಡಬ್ಬಿ ಲೈಟ್ ಆರೇತಿ ನೋಡವಾ. ಶಿವಪ್ಪ ಕೊರ್ಲಹಳ್ಳಿಗೆ ಹೋಗ್ಯಾನ, ತಂಗಿ ಮನಿಗೆ. ಅಂವಾ ಬರೂದ್ರಾಗ ಜಲ್ದಿ ಬಾ."

ರೇಣುಕಾಳ ಉಪಾಯ ನಿಮಗೆ ಗೊತ್ತಿತ್ತೇ ಎಂದೆ.

"ಮಾಳಗಿ ಮ್ಯಾಲ ಕುಂತಾಕಿಗೆ ಏನ ಗೊತ್ತಾಗೂದಿಲ್ಲ? ಸೊಸಿ ಸೆರಗಿನ್ಯಾಗ ಇಟಗೊಳ್ಳೂದನ್ನ ಮೊದಲ ನೋಡಿದಾಕಿ ನಾನs."

ಅಲ್ಲಿಯೇ ವಾಚಿನ ಅಂಗಡಿಯಲ್ಲಿ ಹೊಸ ಸೆಲ್ಲು ಹಾಕಿಸಬಹುದಿತ್ತಲ್ಲ ಎಂದೆ.

"ಹುಚ್ಚಿ! ಅಂಗಡಿಯಾಂವ ಬಿಚ್ಚಿ ನೋಡಿ ಇದರಾಗ ಏನೂ ಇಲ್ಲ ಅಂತ ಪ್ಯಾಟಿ ತುಂಬ ಸಾರಿದ್ರ?" ಆಮೇಲೆ ದನಿ ತಗ್ಗಿಸಿದಳು. "ಶಿವಪ್ಪನ ಅಪ್ಪನ ಕಾಲಕ್ಕ ನನಗ ಇಂಥಾದೊಂದು ಡಬ್ಬಿ ಇರಲಿಲ್ಲವಾ."

ಅಷ್ಟು ದಿನ ನಾನು ಸಂಶಯಪಟ್ಟ ಹೆಂಗಸು ಅವಳು. ನನಗೆ ಅಳು ಬಂತು, ಅಮ್ಮನ ಮುಂದೆಯೇ ಅತ್ತೆ. ಮಾರನೆಯ ಬೆಳಿಗ್ಗೆ ಬಸ್ಸು ಹತ್ತಿದೆ.

ಹೋಗಿ ಸೆಲ್ಲು ಬದಲಿಸಿದೆ. ಮತ್ತೆ ಮಲ್ಪೆಗೆ ಮರಳಲಾಗಲಿಲ್ಲ. ಗದಗಿನ ಒಂದು ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಸಿಕ್ಕಿತು ಎನ್ನುವುದಕ್ಕಿಂತ ಹುಡುಕಿಕೊಂಡೆ ಎನ್ನಬೇಕು. ವಾಸ ಮಾತ್ರ ಲಕ್ಷ್ಮೇಶ್ವರದಲ್ಲೇ, ಅದೇ ಮುಂದಿನ ಕೋಣೆ, ಅದೇ ಬೆಳಕಿಂಡಿ. ನಾನು ಸೆಲ್ಲು ಹಾಕಿದ ಆ ಸಲ, ಶಿವಪ್ಪ ಕೊರ್ಲಹಳ್ಳಿಯಿಂದ ಬಂದ ಸಂಜೆಯೇ ಕಟ್ಟೆಯ ಮೇಲೆ ನನ್ನ ಎದುರು ಕುಳಿತ.

"ಮೇಡಂ, ಖರೆ ಹೇಳ್ರಿ. ಅದು ಕೇಳತೈತೋ ಇಲ್ಲೋ?"

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಮಾಳಗಿಯ ಮೇಲಿನ ಹೆಜ್ಜೆಯೂ ನಿಂತಿತು.

"ಅದಕ್ಕೆ ಕಿವಿ ಇಲ್ಲ, ಶಿವಪ್ಪ," ಎಂದೆ. "ನನಗುಂಟು. ನಿಮ್ಮ ಅವ್ವನಿಗೂ ಉಂಟು. ಇನ್ನೊಮ್ಮೆ ಕೈ ಎತ್ತಿದರೆ ಪೊಲೀಸರಿಗೂ ಕೇಳಿಸುವ ಹಾಗೆ ಹೇಳುತ್ತೇನೆ."

ಅವನು ತಲೆಯೆತ್ತಿ ಮಾಳಗಿಯ ಅಂಚನ್ನು ನೋಡಿದ. ಅಲ್ಲಿ ಗಂಗವ್ವ ನಿಂತಿದ್ದಳು. ತುಸು ಹೊತ್ತಿನ ಮೇಲೆ ಒಳಗೆ ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಯಿತು.

ಇಲ್ಲಿಗೆ ಎಲ್ಲ ಸರಿಹೋಯಿತೆಂದು ನಾನು ನಂಬಿಲ್ಲ. ಅವನ ಹೆಜ್ಜೆ ಸಪ್ಪಳಕ್ಕೆ ಈಗಲೂ ಕಿವಿ ನೆಟ್ಟಗಾಗುತ್ತದೆ. ಕಡಲ ಸದ್ದಿಗೆ ಹುಟ್ಟಿದ ಕಿವಿ ಇದು, ಈಗ ಪರವೂರಿನ ಪಡಸಾಲೆಯನ್ನು ಕಾಯುತ್ತಿದೆ. ಇವರಿಗೆ ಬೇಕಾದವಳು ನಾನೋ, ಡಬ್ಬಿಯ ಜೊತೆ ಬಂದ ಇನ್ನೊಂದು ಡಬ್ಬಿಯೋ ಎಂದು ಕೇಳುವ ಧೈರ್ಯ ಇನ್ನೂ ಬಂದಿಲ್ಲ.

ಮೊನ್ನೆ ಅಮ್ಮನ ಜೊತೆ ಫೋನಿನಲ್ಲಿದ್ದೆ. ಹಬ್ಬಕ್ಕಾದರೂ ಬಾ ಎನ್ನುತ್ತಿದ್ದಳು. ಅಷ್ಟರಲ್ಲಿ ಬೆಳಕಿಂಡಿ ಕತ್ತಲಾಯಿತು, ಮುಖ ಬಂತು.

"ಅದೀಯೇನವಾ?"

"ಇದ್ದೇನೆ," ಎಂದೆ ಮೇಲೆ ನೋಡಿ.

"ಯಾರದು?" ಎಂದಳು ಅಮ್ಮ.

"ಮನೆಯಲ್ಲಿ ಕರೆಯುತ್ತಿದ್ದಾರೆ ಅಮ್ಮ, ಆಮೇಲೆ ಮಾಡುತ್ತೇನೆ," ಎಂದೆ.

"ಮನೆಯಲ್ಲಿಯಾ?" ಎಂದಳು ಅಮ್ಮ. "ಹಾಗಾದರೆ ಇಲ್ಲಿರುವುದು ಎಂತ ಮಾರಾಯ್ತಿ?"